ತಿಪ್ಪೆಗೆ ಹೋಗುವ ಮುನ್ನ ಯಾರಾದರೂ ನೋಡಬೇಕಲ್ಲ?

ಕಳೆದ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ಲಿಥಿಯಂ ಸೆಲ್‌ಗಳು ಬೇಕಾಗಿದ್ದವು. ಹೊಸದು ಕೊಳ್ಳಲು ದುಡ್ಡಿರಲಿಲ್ಲ. ಶಹಾಪುರದ ಗುಜರಿ ಅಂಗಡಿಯೊಂದರಲ್ಲಿ, ಊರ ಹೊರಗಿನ ಕಸದ ರಾಶಿಯಿಂದ ಯಾರೋ ಆಯ್ದು ತಂದಿದ್ದ ಹಳೆಯ ಲ್ಯಾಪ್‌ಟಾಪ್ ಬ್ಯಾಟರಿ ಕಣ್ಣಿಗೆ ಬಿತ್ತು. ‘ಇದ್ರಾಗ ಏನ್ ಸಿಗ್ತದ ತಮ್ಮ? ತಾಮ್ರನೂ ಇಲ್ಲ’ ಎಂದು ಅಂಗಡಿಯ ಕಾಕಾ ನಕ್ಕು 20 ರೂಪಾಯಿಗೆ ಕೊಟ್ಟರು. ಕಾಲೇಜಿನ ಲ್ಯಾಬ್‌ನಲ್ಲಿ ಸರ್ ಎದುರಿಗೇ ಬಿಚ್ಚಿದೆ (ಇಂಥದನ್ನು ಮನೆಯಲ್ಲಿ ಬಿಚ್ಚಬೇಡಿ, ಬೆಂಕಿ ಹತ್ತುತ್ತದೆ). ಆರು ಸೆಲ್‌ಗಳಲ್ಲಿ ನಾಲ್ಕು 3 ವೋಲ್ಟ್‌ಗಿಂತ ಮೇಲಿದ್ದವು, ಎರಡು ಸತ್ತಿದ್ದವು. ಎರಡೆರಡರ ಮೂರು ಜೋಡಿಗಳನ್ನು ಸಾಲಾಗಿ ಕಟ್ಟಿರುತ್ತಾರೆ. ಒಂದು ಜೋಡಿ ಕೆಟ್ಟರೆ ಇಡೀ ಬ್ಯಾಟರಿ ಕೆಲಸ ನಿಲ್ಲಿಸುತ್ತದೆ. ನಾವು ಆರನ್ನೂ ಎಸೆಯುತ್ತೇವೆ.

2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು ಎನ್ನುತ್ತದೆ ವಿಶ್ವಸಂಸ್ಥೆಯ ವರದಿ. ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯ ದಾರಿ ಹಿಡಿದದ್ದು ಶೇ 22.3ರಷ್ಟು ಮಾತ್ರ. ಉಳಿದದ್ದರಲ್ಲಿ ಒಂದು ಪಾಲು ನಮ್ಮ ಯಾದಗಿರಿ, ಸುರಪುರದಂಥ ಊರುಗಳ ತಿಪ್ಪೆಯಲ್ಲೂ ಇದೆ.

ಕಾನೂನು ಇಲ್ಲವೇ? ಇದೆ. ಬಳಸಲು ಬಾರದ, ಮರುಬಳಕೆಯೂ ಆಗದ ಕಸ ಮಾತ್ರ ಭೂಭರ್ತಿಗೆ ಹೋಗಬೇಕು ಎಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ದೇಶದ ನಗರಗಳಲ್ಲಿ ‘ಆರ್‌ಆರ್‌ಆರ್’ ಕೇಂದ್ರಗಳ ಅಭಿಯಾನ ನಡೆಸಿತು: ಹಳೆಯ ಬಟ್ಟೆ, ಪುಸ್ತಕ, ಆಟಿಕೆ ತಂದು ಕೊಡಿ, ಬೇಕಾದವರು ಒಯ್ಯಲಿ ಎಂದು. ಯೋಚನೆ ಚೆನ್ನಾಗಿದೆ. ಆದರೆ ವಸ್ತು ಹಾಳಾಗುವುದು ತಿಪ್ಪೆಯಲ್ಲಲ್ಲ, ಮನೆಯ ಬಕೆಟ್‌ನಲ್ಲಿ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕದ ಮೇಲೆ ಸಾರು ಚೆಲ್ಲಿದ ಮೇಲೆ ಅದು ರದ್ದಿಗೂ ಬೇಡ.

ನನಗೆ ಹೆಚ್ಚು ಕಾಡುವುದು ಆಯುವವರ ವಿಷಯ. ಬೆಂಗಳೂರಿನಲ್ಲಿ 2011ರ ಹೊತ್ತಿಗೇ ಬಿಬಿಎಂಪಿ ಕಸ ಆಯುವವರಿಗೆ ಗುರುತಿನ ಚೀಟಿ ಕೊಡಲು ಶುರು ಮಾಡಿತು. ಮುಂದೆ ಅವರಲ್ಲಿ ಕೆಲವರು ವಾರ್ಡ್‌ಗಳ ಒಣಕಸ ಕೇಂದ್ರಗಳನ್ನೇ ನಡೆಸಿದರು. ಚಿಕ್ಕ ಊರಿನಲ್ಲಿ ಬರಿಗೈಯಲ್ಲಿ ಕಸ ಕೆದರುವವರಿಗೆ ತಾಮ್ರದ ದರ ಗೊತ್ತು, ಒಳ್ಳೆಯ ಸೆಲ್‌ನ ಬೆಲೆ ಗೊತ್ತಿಲ್ಲ. ಹಾಗಾಗಿ ವೈರ್ ಸುಟ್ಟು ತಾಮ್ರ ತೆಗೆಯುತ್ತಾರೆ, ವಿಷದ ಹೊಗೆ ಅವರದೇ ಎದೆಗೆ ಹೋಗುತ್ತದೆ. ಒಂದು ಮಲ್ಟಿಮೀಟರ್ ಮತ್ತು ಎರಡು ದಿನದ ತರಬೇತಿ ಇದ್ದರೆ ಆ 20 ರೂಪಾಯಿಯ ಬ್ಯಾಟರಿಗೆ ಅವರೇ ನೂರು ಕೇಳಬಹುದಿತ್ತು.

ಡಿಪ್ಲೊಮಾ, ಐಟಿಐ ಮುಗಿಸಿ ಕೆಲಸವಿಲ್ಲದೆ ಕುಳಿತ ಗೆಳೆಯರು ನಮ್ಮ ಕಡೆ ಕಡಿಮೆಯಿಲ್ಲ. ರಿಪೇರಿ ಮಾಡಿ ಮಾರುವ ಕೆಲಸ ಅವರಿಗೆ ಒಪ್ಪುತ್ತದೆ. 2023ರ ಏಪ್ರಿಲ್‌ನಿಂದ ಜಾರಿಯಾದ ಇ-ತ್ಯಾಜ್ಯ ನಿಯಮದಲ್ಲಿ ‘ನವೀಕರಿಸುವವರು’ ಎಂಬ ವರ್ಗವೇ ಇದೆ. ಆದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಬಸ್‌ಸ್ಟ್ಯಾಂಡ್ ಪಕ್ಕದ ಮೊಬೈಲ್ ರಿಪೇರಿ ಹುಡುಗನಿಗೆ ಆ ದಾರಿ ತೋರಿಸುವವರು ಯಾರು? ಮೂರೂ ಊರುಗಳ ನಗರಸಭೆಗಳು ಕಸದ ಘಟಕದ ಗೇಟಿನಲ್ಲೇ ಒಂದು ಕೋಣೆ, ಒಂದು ಟೇಬಲ್ ಕೊಟ್ಟರೂ ಶುರುವಾದೀತು.

ನಾಲ್ಕು ಸೆಲ್‌ಗಳು ಈಗ ನನ್ನ ಎಮರ್ಜೆನ್ಸಿ ಲೈಟ್‌ನಲ್ಲಿವೆ. ಸತ್ತ ಎರಡಕ್ಕೆ ಟೇಪ್ ಸುತ್ತಿ ಡಬ್ಬಿಯಲ್ಲಿಟ್ಟಿದ್ದೇನೆ. ಎಲ್ಲಿ ಕೊಡಲಿ ಎಂದು ಕಾಕಾನನ್ನು ಕೇಳಿದೆ. ‘ತಂದಲ್ಲೇ ಒಗದು ಬಾ’ ಎಂದರು.