ಗಂಗಿಯನ್ನು ಯಾರು ಕೇಳಿದ್ದರು?

"ಮನ್ಯಾಗಿನ ಗೋಳು ತಂದು ಸ್ಟೇಜಿನ ಮ್ಯಾಲೆ ಹಾಕ್ಯಾರ. ಇದೂ ಒಂದು ನಾಟಕ ಏನ್ರಿ?"

ಬದುಕಿದವರ ಬದುಕನ್ನೇ ರಂಗಕ್ಕೆ ತರುವ ಮಾತು ಬಂದಾಗಲೆಲ್ಲ ನಮ್ಮೂರು ತುರ್ವಿಹಾಳದ ಹೋಟೆಲಿನ ಕಟ್ಟೆಯಿಂದ ಹಿಡಿದು ಸಿಂಧನೂರಿನ ಸಭೆಗಳವರೆಗೆ ಇದನ್ನೇ ಕೇಳಿ ಕೇಳಿ ನನಗೆ ಸಾಕಾಗಿದೆ. ಊರ ಹಿರಿಯರು ಇದನ್ನು ಮಾನದ ಹೆಸರಿನಲ್ಲಿ ಹೇಳುತ್ತಾರೆ. ಓದಿಕೊಂಡವರು ಕಲೆಯ ಹೆಸರಿನಲ್ಲಿ ಹೇಳುತ್ತಾರೆ. ಅನುಭವ ಇದ್ದ ಮಾತ್ರಕ್ಕೆ ನಾಟಕ ಆಗುವುದಿಲ್ಲ, ಅದಕ್ಕೆ ರೂಪ ಬೇಕು, ಅಂತರ ಬೇಕು ಎನ್ನುತ್ತಾರೆ. ಇಬ್ಬರ ಹೊಟ್ಟೆಯಲ್ಲಿರುವ ಸಿಟ್ಟು ಒಂದೇ: ಇಂಥವರು ಇಂಥದ್ದನ್ನು ನಾಲ್ಕು ಮಂದಿಯ ಮುಂದೆ ಹೇಳಬಾರದು.

ಹಾಗಾದರೆ ಸಂಗ್ಯಾ ಬಾಳ್ಯಾ ಏನು? ಬೈಲಹೊಂಗಲ ಸೀಮೆಯಲ್ಲಿ 19ನೇ ಶತಮಾನದಲ್ಲಿ ನಿಜವಾಗಿ ನಡೆದ ಕೊಲೆಯೊಂದರ ಮೇಲೆ ಕಟ್ಟಿದ ಸಣ್ಣಾಟ ಅದು. ಒಬ್ಬನ ಹೆಂಡತಿ ಗಂಗಿ, ಅವಳ ಮೇಲೆ ಮನಸ್ಸಿಟ್ಟ ಸಾಹುಕಾರ ಸಂಗ್ಯಾ, ನಂಬಿಸಿ ಕೈಕೊಟ್ಟ ಗೆಳೆಯ ಬಾಳ್ಯಾ. ಮನೆಯೊಳಗಿನ ಮಾತೆಂದರೆ ಇದಕ್ಕಿಂತ ಒಳಗಿನದು ಇನ್ನೇನಿದೆ? ನಮ್ಮ ಅಜ್ಜಂದಿರು ಚಾಪೆ ಕಟ್ಟಿಕೊಂಡು ಹೋಗಿ ಬೆಳತನಕ ಕೂತು ನೋಡಿದ್ದು ಇದನ್ನೇ. 1992ರಲ್ಲಿ ಸುಂದರಕೃಷ್ಣ ಅರಸರು ಸಿನಿಮಾವನ್ನೂ ಮಾಡಿದರು. ಇಷ್ಟು ವರ್ಷಗಳಲ್ಲಿ ಒಬ್ಬರಾದರೂ ಆ ಮನೆತನದ ಮಾನದ ಬಗ್ಗೆ ಚಿಂತಿಸಿದ್ದುಂಟೇ? ಗಂಗಿಯನ್ನು ಯಾರು ಕೇಳಿದ್ದರು? ಅವಳ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಬರೆದವರು ಗಂಡಸರು, ಹಾಡಿದವರು ಗಂಡಸರು, ಬಹುಕಾಲ ಸೀರೆ ಉಟ್ಟು ಅವಳ ಪಾತ್ರ ಕಟ್ಟಿದವರೂ ಗಂಡಸರು. ಆಗ ಅದು ಜಾನಪದ, ಪರಂಪರೆ, ನಮ್ಮ ಹೆಮ್ಮೆ. ಇವತ್ತು ಒಬ್ಬಳು ತಾನಾಗಿ ಎದ್ದು ನಿಂತು "ಇದು ನನ್ನ ಕಥೆ" ಎಂದರೆ ಮಾತ್ರ ಅದು ಗೋಳು. ಕೇಳದೆ ಎತ್ತಿಕೊಂಡ ಕಥೆಗೆ ಸೀಟಿ ಹೊಡೆದವರು, ಒಪ್ಪಿ ಕೊಟ್ಟ ಕಥೆಗೆ ಮುಖ ತಿರುಗಿಸುತ್ತಿದ್ದಾರೆ. ನನ್ನ ತಕರಾರು ಇರುವುದೇ ಇಲ್ಲಿ.

ಮಂಜಮ್ಮ ಜೋಗತಿಯನ್ನೇ ನೋಡಿ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಗಂಡುಮಗುವೆಂದು ಬೆಳೆಸಿದ ಮಂಜುನಾಥನನ್ನು ಹೆತ್ತವರೇ ಹುಲಗಿಗೆ ಕರೆದುಕೊಂಡು ಹೋಗಿ, ದೇವಿಗೆ ಬಿಟ್ಟು ಮುತ್ತು ಕಟ್ಟಿಸಿದರು. ನಾವು ಹುಣ್ಣಿಮೆಗೆ ಹೋಗಿ ಕಾಯಿ ಒಡೆಸಿಕೊಂಡು ಬರುವ ಅದೇ ಹುಲಿಗೆಮ್ಮನ ಗುಡಿ. ಆಮೇಲೆ ವಿಷ ಕುಡಿದದ್ದು, ಭಿಕ್ಷೆ ಬೇಡಿದ್ದು, ದಾವಣಗೆರೆಯಲ್ಲಿ ಇಡ್ಲಿ ಮಾರಿದ್ದು, ಕೊಡ ಹೊತ್ತು ಕುಣಿಯಲು ಕಲಿತದ್ದು, ಕಾಳವ್ವ ಜೋಗತಿಯ ಮೇಳ ಸೇರಿದ್ದು, ಎಲ್ಲವನ್ನೂ ಆಕೆಯೇ ಹೇಳಿಕೊಂಡಿದ್ದಾರೆ. ಅರುಣ್ ಜೋಳದಕೂಡ್ಲಿಗಿ ಅದನ್ನು 'ನಡುವೆ ಸುಳಿವ ಹೆಣ್ಣು' ಎಂಬ ಪುಸ್ತಕವಾಗಿಸಿದರು. ಬೇಲೂರು ರಘುನಂದನ್ ಆ ಬದುಕನ್ನು 'ಮಾತಾ' ಎಂಬ ಏಕವ್ಯಕ್ತಿ ನಾಟಕವಾಗಿಸಿದರು. 2019ರಲ್ಲಿ ಮಂಜಮ್ಮ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಬಂತು. ರಾಷ್ಟ್ರಪತಿಯ ಎದುರು ಸೆರಗು ಹಿಡಿದು ದೃಷ್ಟಿ ತೆಗೆದ ವಿಡಿಯೊವನ್ನು ನಮ್ಮೂರಿನವರೂ ಹೆಮ್ಮೆಯಿಂದ ಹಂಚಿಕೊಂಡರು. ಪ್ರಶಸ್ತಿಯ ಮಂಜಮ್ಮ ನಮ್ಮವಳು. ವಿಷ ಕುಡಿದ ಮಂಜಮ್ಮ ರಂಗದ ಮೇಲೆ ಬಂದರೆ ಯಾಕೆ ಬೇಡ?

ಮಾನ ಹೋಗುತ್ತದೆ ಎನ್ನುವವರಿಗೆ ಒಂದು ಲೆಕ್ಕ ಕೊಡುತ್ತೇನೆ: 46,660. ದೇವದಾಸಿ ಪದ್ಧತಿಯನ್ನು ನಿಷೇಧಿಸಿ 1982ರಲ್ಲೇ ಕಾನೂನು ಬಂದ ಮೇಲೆ, 1993-94 ಮತ್ತು 2007-08ರಲ್ಲಿ ಸರ್ಕಾರ ನಡೆಸಿದ ಎರಡು ಸಮೀಕ್ಷೆಗಳಲ್ಲಿ ಸಿಕ್ಕ ಹೆಣ್ಣುಮಕ್ಕಳ ಸಂಖ್ಯೆ ಇದು. ನಮ್ಮ ರಾಯಚೂರು ಜಿಲ್ಲೆಯವರೂ ಇದರಲ್ಲಿದ್ದಾರೆ. ಅಂದರೆ 46,660 ಹೆಣ್ಣುಮಕ್ಕಳು ಯಾರೋ ಗುರುತಿಲ್ಲದವರ ಮುಂದೆ ಕೂತು, ಮುತ್ತು ಕಟ್ಟಿದ್ದು ಯಾವಾಗ, ಕಟ್ಟಿಸಿದವರು ಯಾರು, ಮಕ್ಕಳೆಷ್ಟು ಎಂದು ಬರೆಸಿದ್ದಾರೆ. ಪಿಂಚಣಿಗೆ ಮತ್ತೆ ಹೇಳಿದ್ದಾರೆ, ಮನೆಗೆ ಮತ್ತೆ ಹೇಳಿದ್ದಾರೆ, ಮಗಳ ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ ಬಿಟ್ಟು ಅಲ್ಲೂ ಹೇಳಿದ್ದಾರೆ. ಗುಮಾಸ್ತನ ಮೇಜಿನ ಮುಂದೆ ನಿಂತು ಹೇಳಿದಾಗ ಯಾರೂ ಮಾನದ ಮಾತೆತ್ತಲಿಲ್ಲ. ಅದೇ ಹೆಣ್ಣುಮಗಳು ಅದೇ ಮಾತನ್ನು ಬೆಳಕಿನಲ್ಲಿ, ತಲೆ ಎತ್ತಿ, ತನ್ನದೇ ದನಿಯಲ್ಲಿ ಹೇಳಿದರೆ ಊರಿಗೆ ನಾಚಿಕೆ. ಹೋಗುತ್ತಿರುವುದು ಅವಳ ಮಾನವಲ್ಲ ಸ್ವಾಮಿ, ಮುತ್ತು ಕಟ್ಟಿಸಿದವರದು. ಅದಕ್ಕೇ ಈ ಗಾಬರಿ.

ನಮ್ಮ ಜಾತ್ರೆಯ ನಾಟಕಗಳ ಮಾತಿಗೆ ಬರೋಣ. ಎರಡು ತಿಂಗಳು ತಾಲೀಮು ಮಾಡಿ, ಸೀನರಿ ಬಾಡಿಗೆಗೆ ತಂದು, ಹಾರ್ಮೋನಿಯಂ ಮಾಸ್ತರನ್ನು ಕರೆಸಿ, ಊರ ಹುಡುಗರು ಸಾಮಾಜಿಕ ನಾಟಕ ಆಡುತ್ತಾರೆ. ಸ್ತ್ರೀ ಪಾತ್ರಕ್ಕೆ ಹೊರಗಿನಿಂದ ಕಲಾವಿದೆ ಬರುತ್ತಾಳೆ. ತಗಡಿನ ಮರೆಯ ಹಿಂದೆ ಟ್ರಂಕಿನ ಮೇಲೆ ಕೂತು, ಒಂದು ಕೈಯಲ್ಲಿ ಕನ್ನಡಿ ಹಿಡಿದು ಬಣ್ಣ ಹಚ್ಚಿಕೊಳ್ಳುತ್ತಾ, ನಿನ್ನೆಯ ಊರಿನ ನಾಟಕದ ಮಾತು ಮರೆತು ಇವತ್ತಿನದನ್ನು ಬಾಯಿಪಾಠ ಮಾಡುತ್ತಾಳೆ. ಪಕ್ಕದಲ್ಲಿ ಕೂಸು ಮಲಗಿರುತ್ತದೆ. ರಂಗಕ್ಕೆ ಬಂದು ಗಂಡ ಬಿಟ್ಟ ಹೆಂಡತಿಯಾಗಿ ಅತ್ತರೆ ಮುಂದಿನ ಸಾಲಿನವರೂ ಕಣ್ಣೊರೆಸಿಕೊಳ್ಳುತ್ತಾರೆ. ನಡುವೆ ನಾಟಕ ನಿಲ್ಲಿಸಿ ಮೈಕಿನಲ್ಲಿ ಹೆಸರು ಕೂಗಿ, ಉಡುಗೊರೆ ಕೊಟ್ಟು ಆಯೇರಿ ಮಾಡುತ್ತಾರೆ. ಅವಳಿಗೂ ಒಂದು ಬದುಕಿದೆ, ಅದನ್ನು ಕೇಳೋಣ ಎಂದು ಒಂದು ಸಮಿತಿಗಾದರೂ ಅನ್ನಿಸಿದೆಯೇ? ಕಟ್ಟುಕಥೆಯ ಹೆಣ್ಣಿಗೆ ಸುರಿಯುವ ಕಣ್ಣೀರು, ಅದನ್ನು ಆಡಿ ತೋರಿಸಿದ ಹೆಣ್ಣಿನ ಹತ್ತಿರ ಬರುವಷ್ಟರಲ್ಲಿ ಬತ್ತಿಹೋಗುತ್ತದೆ.

ಗೋಳು ಕಲೆಯಲ್ಲ ಎನ್ನುವ ಪಂಡಿತರು ಒಮ್ಮೆ ಮೊಹರಮಿಗೆ ಮುದಗಲ್ಲಿಗೆ ಹೋಗಿ ಬರಲಿ. ಕರ್ಬಲಾದಲ್ಲಿ ಒಂದು ಕುಟುಂಬಕ್ಕೆ ಆದ ನೋವನ್ನು ಜಾತಿ ಧರ್ಮ ನೋಡದೆ ರಿವಾಯತ ಹಾಡಿ ಅಳುವ ಜನ ನಾವು. ಗೋಳು ಕಲೆಯಾಗುವುದು ಹೇಗೆಂದು ಈ ಸೀಮೆಗೆ ಪಾಠ ಹೇಳಬೇಕಾಗಿಲ್ಲ.

ಇನ್ನೊಂದು ಸಂಕಟವೂ ಇದರೊಳಗೇ ಇದೆ, ಹೇಳಿಬಿಡುತ್ತೇನೆ. ನೋವು ನಮ್ಮದು, ನೋಡುವವರು ಬೆಂಗಳೂರಿನವರು. ಗುಳೆ ಹೋದವರ ಬದುಕು, ಮುತ್ತು ಕಟ್ಟಿಸಿಕೊಂಡವರ ಬದುಕು ಎಲ್ಲ ಇಲ್ಲಿಂದ ರೆಕಾರ್ಡ್ ಆಗಿ ಹೋಗುತ್ತದೆ; ತಿರುಗಿ ನಾಟಕವಾಗಿ ಇಲ್ಲಿಗೆ ಬರುವುದು ಅಪರೂಪ. ಹೆಸರಿಗೆ ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಇದೆ. ಆದರೆ ತುರ್ವಿಹಾಳದವನು ಜಿಲ್ಲಾ ರಂಗಮಂದಿರ ನೋಡಬೇಕೆಂದರೆ ಸುಮಾರು ನೂರು ಕಿಲೋಮೀಟರ್ ದೂರದ ರಾಯಚೂರಿಗೆ ಹೋಗಬೇಕು, ನಾಟಕ ಮುಗಿಯುವಷ್ಟರಲ್ಲಿ ಕೊನೆಯ ಬಸ್ಸು ಹೋಗಿರುತ್ತದೆ. ಊರೂರಿಗೆ ಸಮುದಾಯ ಭವನ ಕಟ್ಟಿಸಿದವರು ಅದರಲ್ಲಿ ಮದುವೆ ಊಟಕ್ಕೆ ಜಾಗ ಮಾಡಿದರು, ಒಂದು ಸರಿಯಾದ ವೇದಿಕೆಗೆ ಮಾಡಲಿಲ್ಲ. ನಾಲೆಯ ನೀರಿನಂತೆಯೇ ನಾಟಕವೂ ಕೊನೆಯ ಭಾಗಕ್ಕೆ ತಲುಪುವುದಿಲ್ಲ.

ರೂಪ ಬೇಕು, ಅಂತರ ಬೇಕು ಎಂದವರಿಗೂ ಉತ್ತರ ರಂಗದ ಮೇಲೆಯೇ ಇದೆ. ಲಿಂಗತ್ವ ಅಲ್ಪಸಂಖ್ಯಾತರ ಹೋರಾಟಗಾರ್ತಿ ಎ. ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿ 'ಬದುಕು ಬಯಲು' ಎಂದು ಕನ್ನಡಕ್ಕೆ ತಂದರು, ಎಂ. ಗಣೇಶ್ ನಿರ್ದೇಶನದಲ್ಲಿ ಹೆಗ್ಗೋಡಿನ ಜನಮನದಾಟ ತಂಡ ಅದನ್ನು ನಾಟಕವಾಗಿ ಊರೂರಿಗೆ ಒಯ್ದಿತು. ತಮಿಳಿನಲ್ಲಿ ರೇವತಿ ತಮ್ಮ ಕಥೆಗೆ ತಾವೇ ಬಣ್ಣ ಹಚ್ಚಿದರು. ಕೆ.ಪಿ. ಲಕ್ಷ್ಮಣ್ ಅವರ 'ಬಾಬ್ ಮಾರ್ಲಿ ಫ್ರಮ್ ಕೋಡಿಹಳ್ಳಿ'ಯಲ್ಲಿ ದಲಿತ ನಟರ ಸ್ವಂತ ಅನುಭವವೇ ನಾಟಕಕ್ಕೆ ಜೀವ ಕೊಟ್ಟಿದೆ. ಅಮೆರಿಕದಲ್ಲಿ 1975ರಲ್ಲಿ ಜೊನಾಥನ್ ಫಾಕ್ಸ್ ಮತ್ತು ಜೋ ಸಾಲಸ್ ಶುರುಮಾಡಿದ ಪ್ಲೇಬ್ಯಾಕ್ ರಂಗಭೂಮಿಯಲ್ಲಿ ಪ್ರೇಕ್ಷಕರಲ್ಲೊಬ್ಬರು ಎದ್ದು ಬಂದು ತಮ್ಮ ಬದುಕಿನ ಒಂದು ಘಟನೆ ಹೇಳುತ್ತಾರೆ, ನಟರು ಅಲ್ಲಿಯೇ ಆಡುತ್ತಾರೆ. ಆಟ ಮುಗಿದ ಮೇಲೆ ಮಾತು ಮತ್ತೆ ಹೇಳಿದವರ ಕೈಗೇ ಹೋಗುತ್ತದೆ. ಗಂಗಿಗೆ ಸಿಗದೆ ಹೋದದ್ದು ಆ ಕೊನೆಯ ಮಾತು.

ಆದ್ದರಿಂದ ನಾಟಕ ಮಾಡುವವರಿಗೂ ಒಂದು ಮಾತು. ಬದುಕು ಕೊಟ್ಟವರ ಹೆಸರು ಕರಪತ್ರದ ಮೂಲೆಯಲ್ಲಿ ಕೃತಜ್ಞತೆಯ ಸಾಲಾಗಿ ಬಂದರೆ ಸಾಲದು. ಮೊದಲ ತಾಲೀಮಿಗೆ ಅವರನ್ನು ಕರೆಯಬೇಕು. ಬೇಡ ಎಂದ ದೃಶ್ಯ ತೆಗೆಯಬೇಕು. ಪ್ರತಿ ಪ್ರದರ್ಶನದ ಹಣದಲ್ಲಿ ಅವರ ಪಾಲು ಇರಬೇಕು, ಅದನ್ನು ಕಾಗದದ ಮೇಲೆ ಬರೆದುಕೊಡಬೇಕು. ನಿಲ್ಲಿಸಿ ಎಂದರೆ ನಾಟಕ ನಿಲ್ಲಬೇಕು. ಇಷ್ಟು ಮಾಡದವರಿಗೂ ಗಂಗಿಯ ಕಥೆ ಎತ್ತಿಕೊಂಡವರಿಗೂ ವ್ಯತ್ಯಾಸವಿಲ್ಲ.

ಜಾತ್ರಾ ಸಮಿತಿಯವರಿಗೆ ನನ್ನ ಬೇಡಿಕೆ ಇನ್ನೂ ಸಣ್ಣದು. ಈ ಸಲ ಒಂದು ರಾತ್ರಿ ಸಾಮಾಜಿಕ ನಾಟಕ ಆಡಿಸಿರಿ. ಮರುದಿನ ರಾತ್ರಿ ಅದೇ ಮೈಕು, ಅದೇ ವೇದಿಕೆ, ಅದೇ ಸಂಭಾವನೆಯನ್ನು ಆ ಕಲಾವಿದೆಗೆ ಕೊಟ್ಟು, ಅವಳಿಗೆ ಒಪ್ಪಿಗೆ ಇದ್ದರೆ, ತನ್ನದನ್ನು ಆಡು ತಾಯಿ ಎನ್ನಿರಿ. ಮುಂದಿನ ಸಾಲಿನಲ್ಲಿ ನಾನೂ ಬಂದು ಕೂರುತ್ತೇನೆ. ಇದು ನಾಟಕವಲ್ಲ ಎನ್ನುವವರೂ ಬಂದು ಅಲ್ಲೇ ಕೂರಲಿ, ಅವಳ ಮಾತು ಮುಗಿಯುವವರೆಗೆ ಏಳದೆ.