ಕಾಣದಿದ್ದರೆ ಏನು ನಷ್ಟ?

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮದ ಕಡೆಗೆ ಹೋಗಿಬಂದ ಪೇಟೆಯ ಜನರ ಬಾಯಲ್ಲಿ ಒಂದೇ ಮಾತು: "ಏನೂ ಕಾಣಲಿಲ್ಲ ಸ್ವಾಮಿ!" ಬುತ್ತಿ ಕಟ್ಟಿಕೊಂಡು, ಕಾರು ಮಾಡಿಕೊಂಡು, ನಾಲ್ಕು ಕೊಂಬಿನ ಪ್ರಾಣಿಯನ್ನು ತೋರಿಸುತ್ತೇವೆಂದು ಮಕ್ಕಳಿಗೆ ಆಸೆ ಹುಟ್ಟಿಸಿ ಹೊರಟವರು ಅವರು. ಕಂಡದ್ದು ಕುರುಚಲು ಕಾಡು, ಒಣಗಿದ ಹುಲ್ಲು, ಕಲ್ಲುಗುಡ್ಡ, ಮೇಲೆ ಸುಡುವ ಸೂರ್ಯ. ಮನೆಗೆ ಮರಳಿದ ಮೇಲೆ ಅವರ ನಿರಾಶೆ ಸುಮ್ಮನೆ ಕೂರುವುದಿಲ್ಲ. ಅದು ಸಲಹೆಯ ರೂಪವನ್ನು ತಾಳುತ್ತದೆ. ಬೇಲಿ ಹಾಕಿ ನಾಲ್ಕಾರು ಕೊಂಡುಕುರಿಗಳನ್ನು ಒಂದು ಕಡೆ ಬಿಡಬಾರದೇಕೆ? ನೀರಿನ ತೊಟ್ಟಿಯ ಎದುರಿಗೆ ಒಂದು ಅಟ್ಟಣೆ ಕಟ್ಟಬಾರದೇಕೆ? ಜೀಪು ಓಡಿಸಬಾರದೇಕೆ? ಜನ ಬಂದರೆ ಊರು ಉದ್ಧಾರವಾದೀತು, ಜನ ಬರದಿದ್ದರೆ ಧಾಮವಿದ್ದು ಏನು ಫಲ?

ಈ ಸಲಹೆ ಕೇಳುವುದಕ್ಕೆ ಹಿತವಾಗಿದೆ. ಹಿತವಾಗಿರುವುದರಿಂದಲೇ ಅದನ್ನು ಸ್ವಲ್ಪ ಬಿರುಸಾಗಿ ಎದುರಿಸಬೇಕಾಗಿದೆ. ಕೊಂಡುಕುರಿ ಕಾಣಲಿಲ್ಲವೆಂಬುದು ಧಾಮದ ಸೋಲಲ್ಲ. ಅದು ಧಾಮವಾಗಿ ಉಳಿದಿದೆ ಎಂಬುದಕ್ಕೆ ಒಂದು ಗುರುತು.

ಮೊದಲು ಶಬ್ದದ ವಿಚಾರ. ಮೃಗಾಲಯವೆಂದರೆ ಮನುಷ್ಯನು ಪ್ರಾಣಿಯನ್ನು ನೋಡುವ ಸ್ಥಳ. ಧಾಮವೆಂದರೆ ಪ್ರಾಣಿಯು ಮನುಷ್ಯನಿಂದ ಬಿಡುವು ಪಡೆಯುವ ಸ್ಥಳ. ನೋಡುವ ಆಸೆ ತಪ್ಪಲ್ಲ. ಅದಕ್ಕೆ ನಮ್ಮ ಸುತ್ತಮುತ್ತ ಏರ್ಪಾಟು ಇಲ್ಲವೆಂದೂ ಅಲ್ಲ. ದಾವಣಗೆರೆಯವರಿಗೆ ಆನಗೋಡಿನ ಕಿರು ಮೃಗಾಲಯವಿದೆ. ಹೊನ್ನಾಳಿ, ನ್ಯಾಮತಿಯವರು ಶಿವಮೊಗ್ಗ ದಾಟಿ ಸ್ವಲ್ಪ ದೂರ ಹೋದರೆ ತ್ಯಾವರೆಕೊಪ್ಪದಲ್ಲಿ ಹುಲಿ, ಸಿಂಹಗಳನ್ನೇ ನೋಡಬಹುದು. ಟಿಕೆಟ್ಟು ಕೊಂಡವನು ಅಲ್ಲಿ "ನನಗೆ ಸಿಂಹ ತೋರಿಸಿ" ಎಂದು ಕೇಳಿದರೆ ಅದು ನ್ಯಾಯವಾದ ಕೇಳಿಕೆ. ಅದೇ ಕೇಳಿಕೆಯನ್ನು ರಂಗಯ್ಯನದುರ್ಗಕ್ಕೂ ಹೊತ್ತುಕೊಂಡು ಹೋಗುವುದು ಬೇರೆ ಮಾತು. ಅದು ಗ್ರಂಥಾಲಯಕ್ಕೆ ಹೋಗಿ ಉಪ್ಪಿಟ್ಟು ಕೇಳಿದಂತೆ.

ಕೊಂಡುಕುರಿಯ ಸ್ವಭಾವವನ್ನಾದರೂ ನೋಡಿ. ಭುಜದವರೆಗೆ ಅಳೆದರೆ ಎರಡಡಿಯ ಆಸುಪಾಸು ಇರುವ ಪುಟ್ಟ ಜೀವಿ. ಇಂಡಿಯಾ, ನೇಪಾಳಗಳನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಕಾಡಿನಲ್ಲಿ ಇದು ಇಲ್ಲ. ನಾಲ್ಕು ಕೊಂಬು ಇರುವುದು ಗಂಡಿಗೆ ಮಾತ್ರ. ಮುಂದಿನ ಜೋಡಿ ಮೊಳಕೆಯಷ್ಟು ಚಿಕ್ಕದು. ಜಿಂಕೆಯ ಹಾಗೆ ಹಿಂಡು ಕಟ್ಟಿಕೊಂಡು ಬಯಲಿನಲ್ಲಿ ಮೆರೆಯುವ ಜಾತಿಯಲ್ಲ. ಒಂಟಿಯಾಗಿಯೋ ಜೊತೆಯಾಗಿಯೋ ಎತ್ತರದ ಹುಲ್ಲಿನಲ್ಲಿ ಅಡಗಿರುತ್ತದೆ. ಸದ್ದು ಕೇಳಿದರೆ ಕಲ್ಲಿನಂತೆ ನಿಂತುಬಿಡುತ್ತದೆ. ಕಾಣದಿರುವುದೇ ಅದರ ಬದುಕಿನ ಉಪಾಯ. ೧೯೭೨ರ ವನ್ಯಜೀವಿ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಅದಕ್ಕೆ ಸ್ಥಾನ ಸಿಕ್ಕಿದೆ. ೨೦೧೧ರಲ್ಲಿ ರಂಗಯ್ಯನದುರ್ಗದ ಸುಮಾರು ೭೭ ಚದರ ಕಿಲೋಮೀಟರ್ ಕಾಡನ್ನು ಅದರ ಹೆಸರಿನಲ್ಲಿಯೇ ಧಾಮವೆಂದು ಸಾರಲಾಯಿತು. ಅಡಗಿ ಬದುಕುವ ಪ್ರಾಣಿಗೆ ಅಡಗಲು ಜಾಗ ಕೊಟ್ಟು, ಆಮೇಲೆ "ಅಡಗಿದೆಯಲ್ಲಾ!" ಎಂದು ದೂರುವುದು ಯಾವ ನ್ಯಾಯ?

ನೋಡುವವನ ಕಣ್ಣಿಗಾಗಿ ಒಂದು ಜೀವಿಯನ್ನು ಅದರ ನೆಲೆಯಿಂದ ಕಿತ್ತರೆ, ಮತ್ತೆ ಅದನ್ನು ನೆಟ್ಟಗೆ ಮಾಡುವುದು ಎಷ್ಟು ಕಷ್ಟವೆಂಬುದಕ್ಕೆ ದೂರದ ಕಡಲಿನಿಂದ ಒಂದು ಉದಾಹರಣೆ ಕೊಡಬಹುದು. ಐಸ್‌ಲೆಂಡಿನ ದಕ್ಷಿಣಕ್ಕೆ ಹೈಮೇಯ್ ಎಂಬ ದ್ವೀಪ. ಅಲ್ಲಿ ಕ್ಲೆಟ್ಸ್‌ವಿಕ್ ಎಂಬ ಸಣ್ಣ ಕೊಲ್ಲಿ. ರಷ್ಯದ ಉತ್ತರ ಸಮುದ್ರದಲ್ಲಿ ಮರಿಗಳಾಗಿದ್ದಾಗಲೇ ಹಿಡಿದ ಎರಡು ಬಿಳಿ ತಿಮಿಂಗಿಲಗಳು ಚೀನದ ಶಾಂಘೈಯ ಪ್ರದರ್ಶನ ಕೊಳದಲ್ಲಿ ವರ್ಷಗಟ್ಟಲೆ ಆಟವಾಡಿ ಜನರನ್ನು ನಗಿಸಿದವು. ೨೦೧೯ರ ಜೂನಿನಲ್ಲಿ ಅವನ್ನು ವಿಮಾನ, ಲಾರಿ, ಹಡಗುಗಳಲ್ಲಿ ಸಾವಿರಾರು ಮೈಲಿ ಸಾಗಿಸಿ ಈ ದ್ವೀಪಕ್ಕೆ ತಂದರು. ಕೊಲ್ಲಿಯ ಬಾಯಿಗೆ ಬಲೆ ಕಟ್ಟಿ, ಸುಮಾರು ೮ ಎಕರೆಯಷ್ಟು ನಿಜವಾದ ಕಡಲನ್ನು ಅವುಗಳಿಗಾಗಿ ಸಿದ್ಧಮಾಡಿದ್ದರು.

ಕಥೆ ಇಲ್ಲಿಗೆ ಸುಖಾಂತವಾಗಬೇಕಿತ್ತು. ಆಗಲಿಲ್ಲ. ಕೊಳದಲ್ಲಿ ಬೆಳೆದ ತಿಮಿಂಗಿಲಕ್ಕೆ ಕಡಲೇ ಪರದೇಶ. ತಣ್ಣನೆಯ ನೀರಿಗೆ, ಅಲೆಗೆ, ತಳದ ಪಾಚಿಗೆ ಅವನ್ನು ಮೆಲ್ಲಗೆ ಒಗ್ಗಿಸಬೇಕಾಯಿತು. ೨೦೨೦ರಲ್ಲಿ ಕೊಲ್ಲಿಗೆ ಕೊಂಡೊಯ್ದರು. ಮತ್ತೆ ಒಳಗಿನ ಕೊಳಕ್ಕೆ ತಂದರು. ಮುಂದೆ ಒಂದಕ್ಕೆ ಹೊಟ್ಟೆಯಲ್ಲಿ ಹುಣ್ಣು ಕಾಣಿಸಿಕೊಂಡು ಇನ್ನಷ್ಟು ತಡವಾಯಿತು. ಬಂದ ಮೊದಲ ವರ್ಷಗಳ ಬಹುಪಾಲನ್ನು ಅವು ಕಟ್ಟಡದೊಳಗಿನ ಕೊಳದಲ್ಲಿಯೇ ಕಳೆಯಬೇಕಾಯಿತು. ಅಲ್ಲಿಗೆ ಹೋದ ಪ್ರೇಕ್ಷಕನಿಗೆ ಚೆಂಡಾಟವಿಲ್ಲ, ಸಂಗೀತವಿಲ್ಲ, ನೆಗೆತವಿಲ್ಲ.

ಅದೇ ಕ್ಲೆಟ್ಸ್‌ವಿಕ್ ಕೊಲ್ಲಿಗೆ ೧೯೯೮ರಲ್ಲಿ ಕೈಕೋ ಎಂಬ ಹೆಸರಾಂತ ತಿಮಿಂಗಿಲವನ್ನು ತಂದಿದ್ದರು. ೧೯೯೩ರಲ್ಲಿ ಬಿಡುಗಡೆಯಾದ ಚಲನಚಿತ್ರದಲ್ಲಿ ಅದು ನಟಿಸಿತ್ತು. ಐಸ್‌ಲೆಂಡಿನ ಬಳಿಯಲ್ಲೇ ಸೆರೆಸಿಕ್ಕಿದ್ದ ಪ್ರಾಣಿ ಅದು. ಕೊನೆಗೆ ೨೦೦೨ರಲ್ಲಿ ಕಡಲಿಗೆ ಹೊರಟಿತು. ಆದರೆ ತನ್ನ ಜಾತಿಯವರೊಡನೆ ಬೆರೆತು ಬಾಳಲಿಲ್ಲ. ನಾರ್ವೆಯ ದಡಕ್ಕೆ, ಮನುಷ್ಯರ ಹತ್ತಿರಕ್ಕೇ ಬಂದು, ೨೦೦೩ರ ಡಿಸೆಂಬರಿನಲ್ಲಿ ಸತ್ತಿತು. ಹಿಡಿಯುವುದಕ್ಕೆ ಒಂದು ಬಲೆ ಸಾಕು. ಬಿಡುವುದಕ್ಕೆ ದೊಡ್ಡ ಹಣವೂ ದೊಡ್ಡ ಮನಸ್ಸೂ ಸೇರಿದರೂ ಸಾಲದು. ಬೇಲಿ ಹಾಕಿ ಕೊಂಡುಕುರಿಗಳನ್ನು ಕೂಡಬೇಕೆನ್ನುವವರು ಈ ಲೆಕ್ಕವನ್ನು ಮೊದಲು ಓದಲಿ.

ಅದೇ ದ್ವೀಪದಲ್ಲಿ ಇನ್ನೊಂದು ಪದ್ಧತಿಯುಂಟು. ಪಫಿನ್ ಎಂಬ ಬಣ್ಣದ ಕೊಕ್ಕಿನ ಕಡಲ ಹಕ್ಕಿಗಳು ಅಲ್ಲಿನ ಬಂಡೆಗಳಲ್ಲಿ ಬಿಲ ತೋಡಿ ಮರಿಮಾಡುತ್ತವೆ. ಬೇಸಗೆ ಮುಗಿಯುವ ಹೊತ್ತಿಗೆ ಮರಿಗಳು ರಾತ್ರಿಯಲ್ಲಿ ಕಡಲಿಗೆ ಹಾರುತ್ತವೆ; ಊರಿನ ದೀಪಗಳನ್ನು ಕಂಡು ದಾರಿ ತಪ್ಪಿ ಬೀದಿಗೆ ಬೀಳುತ್ತವೆ. ಆಗ ಊರಿನ ಮಕ್ಕಳು ರಾತ್ರಿಯೆಲ್ಲ ರಟ್ಟಿನ ಪೆಟ್ಟಿಗೆ ಹಿಡಿದು ಬೀದಿಬೀದಿ ತಿರುಗಿ ಮರಿಗಳನ್ನು ಆರಿಸಿ, ಬೆಳಗ್ಗೆ ಕಡಲಂಚಿಗೆ ಒಯ್ದು ಹಾರಿಬಿಡುತ್ತಾರೆ. ಆ ಮಕ್ಕಳೂ ಹಕ್ಕಿಯನ್ನು ನೋಡುತ್ತಾರೆ, ಮುಟ್ಟುತ್ತಾರೆ ಕೂಡ. ಆದರೆ ಅವರ ಸಂತೋಷವೆಲ್ಲ ಇರುವುದು ಅದು ಕಣ್ಣಿಗೆ ಕಾಣದಷ್ಟು ದೂರ ಹೋಗುವುದರಲ್ಲಿ. ನಮ್ಮ ಮಕ್ಕಳಿಗೆ ಕಲಿಸಬೇಕಾದದ್ದು ಈ ಸಂತೋಷ.

"ಐಸ್‌ಲೆಂಡಿನ ಮಾತು ನಮಗೇಕೆ, ಅವರು ಹಣವಂತರು" ಎನ್ನುವವರಿದ್ದಾರೆ. ಸರಿ, ನಮ್ಮ ದೇಶಕ್ಕೇ ಬರೋಣ. ೧೯೯೮ರಲ್ಲಿ ಚೆನ್ನೈ ಬಳಿಯ ಒಂದು ಪ್ರದರ್ಶನ ಕೇಂದ್ರಕ್ಕೆ ಬಲ್ಗೇರಿಯದಿಂದ ಡಾಲ್ಫಿನ್‌ಗಳನ್ನು ತರಿಸಿದರು. ಕೆಲವೇ ತಿಂಗಳಲ್ಲಿ ಅವು ಸತ್ತವು. ಮುಂದೆ ೨೦೧೩ರ ಮೇ ತಿಂಗಳಲ್ಲಿ ಕೇಂದ್ರದ ಪರಿಸರ ಸಚಿವಾಲಯವು ತಿಮಿಂಗಿಲ, ಡಾಲ್ಫಿನ್ ಜಾತಿಯ ಪ್ರಾಣಿಗಳನ್ನು ಮನರಂಜನೆಗಾಗಿ ಸೆರೆಯಿಡುವುದಕ್ಕೆ ತಡೆ ಹಾಕಿತು. ಈ ವಿಷಯದಲ್ಲಿ ಎಷ್ಟೋ ಸಿರಿವಂತ ದೇಶಗಳಿಗಿಂತ ನಮ್ಮ ನಿಯಮ ಮುಂದಿದೆ. ಹಿಂದೆ ಉಳಿದಿರುವುದು ನಮ್ಮ ಅಭ್ಯಾಸ. ದುಬೈಗೋ ಬ್ಯಾಂಕಾಕಿಗೋ ಹೋದಾಗ ನಮ್ಮವರೇ ಮುಂದಿನ ಸಾಲಿನಲ್ಲಿ ಕೂತು ಡಾಲ್ಫಿನ್ನಿನ ನೆಗೆತಕ್ಕೆ ಚಪ್ಪಾಳೆ ತಟ್ಟುತ್ತಾರೆ. ಆ ಚಪ್ಪಾಳೆಯ ಅಭ್ಯಾಸವೇ ಊರಿಗೆ ಮರಳಿದ ಮೇಲೆ ಜಗಳೂರಿನ ಕಾಡಿನಲ್ಲಿ "ಏನೂ ಕಾಣಲಿಲ್ಲ" ಎಂದು ಗೊಣಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ; ಅದು ಕಾರಿನವರದಲ್ಲ, ಕುರಿಗಾರನದು. ಜಗಳೂರು ಬರದ ಸೀಮೆ. ಅಲ್ಲಿ ಕಾಡೆಂದರೆ ಹುಲ್ಲು, ಸೌದೆ, ದನಕರುಗಳ ನೆರಳು. ಧಾಮವೆಂದು ಸಾರಿದ ದಿನವೇ ಅವನ ಕಾಲಿಗೆ ಒಂದು ಗೆರೆ ಅಡ್ಡ ಬರುತ್ತದೆ. "ನಾನು ಮೇವು ಬಿಟ್ಟೆ, ನನಗೆ ಏನು ಕೊಟ್ಟಿರಿ?" ಎಂದು ಅವನು ಕೇಳಿದರೆ ನಮ್ಮಲ್ಲಿ ಉತ್ತರವಿರಬೇಕು. ಪ್ರವಾಸಿಗರನ್ನು ತರಿಸಬೇಕೆನ್ನುವವರು ಇವನ ಹೆಸರನ್ನೇ ಮುಂದೊಡ್ಡುತ್ತಾರೆ: ಜನ ಬಂದರೆ ಇವನಿಗೆ ಕೆಲಸ ಸಿಕ್ಕೀತು ಎಂದು. ಆದರೆ ಇವನ ಪಾಲಿಗೆ ಬರುವುದೇನು? ಬೇರೆ ಊರಿನ ಹಣವಂತನು ಕಟ್ಟಿಸಿದ ವಸತಿಗೃಹದ ಮುಂದೆ ಕಾವಲುಗಾರನ ಕೆಲಸ! ಕುರಿಗಾರನಿಗೆ ಕಾಡು ಮುಚ್ಚಿ ಜೀಪಿಗೆ ತೆರೆಯುವುದಕ್ಕೆ ರಕ್ಷಣೆಯೆಂಬ ಹೆಸರು ಒಪ್ಪುವುದಿಲ್ಲ.

ಉತ್ತರವನ್ನು ಗುಜರಾತಿನ ಮೀನುಗಾರರಲ್ಲಿ ಹುಡುಕಬಹುದು. ತಿಮಿಂಗಿಲ ಶಾರ್ಕ್ ಎಂಬ ಬೃಹತ್ ಮೀನನ್ನು ಆ ಕರಾವಳಿಯಲ್ಲಿ ಹಿಂದೆ ಕೊಲ್ಲುತ್ತಿದ್ದರು. ೨೦೦೧ರಲ್ಲಿ ಕಾಯಿದೆಯ ರಕ್ಷಣೆ ಬಂತು. ೨೦೦೪ರಿಂದ ಅದನ್ನು ಉಳಿಸುವ ಚಳವಳಿ ಹಬ್ಬಿತು. ಬಲೆಗೆ ಸಿಕ್ಕ ಮೀನನ್ನು ಬಿಡಿಸಲು ಬಲೆಯನ್ನೇ ಕತ್ತರಿಸಬೇಕು. ಬಲೆಯೆಂದರೆ ಬೆಸ್ತನ ಬಂಡವಾಳ. ಕತ್ತರಿಸಿದ ಬಲೆಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಟಾಯಿತು. ನೂರಾರು ಮೀನುಗಳು ಜೀವಂತ ಕಡಲಿಗೆ ಮರಳಿದವು. ಅಲ್ಲಿ ಟಿಕೆಟ್ಟಿನ ಕಿಟಕಿಯಿಲ್ಲ, ಅಟ್ಟಣೆಯಿಲ್ಲ. ತ್ಯಾಗ ಮಾಡಿದವನಿಗೆ ನೇರವಾಗಿ ಬೆಲೆ ಸಂದಿತು. ಜಗಳೂರಿನ ಕುರಿಗಾರನಿಗೂ ಬೇಕಾದದ್ದು ಅದೇ: ಬಿಟ್ಟ ಮೇವಿಗೆ ಪರಿಹಾರ, ಧಾಮದ ಹೊರಗೆ ಹುಲ್ಲುಗಾವಲು, ಕಾಡು ಕಾಯುವ ಕೆಲಸದಲ್ಲಿ ಮೊದಲ ಹಕ್ಕು. ಇದಕ್ಕೆ ತಗಲುವ ಹಣವನ್ನು ನಾವೆಲ್ಲರೂ ತೆರಿಗೆಯಿಂದ ಕೊಡಬೇಕು, ಪ್ರಾಣಿ ಕಂಡರೂ ಸರಿ, ಕಾಣದಿದ್ದರೂ ಸರಿ.

ಈ ಪ್ರಶ್ನೆ ಜಗಳೂರಿಗೆ ಮಾತ್ರ ಸೇರಿದ್ದಲ್ಲ. ಚನ್ನಗಿರಿಯ ಸೂಳೆಕೆರೆಯನ್ನೇ ನೋಡಿ. ಎರಡು ಗುಡ್ಡಗಳ ನಡುವೆ ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಚಿಕ್ಕದೊಂದು ಏರಿ ಕಟ್ಟಿ, ಸಾವಿರಾರು ಎಕರೆ ನೀರು ನಿಲ್ಲಿಸಿದ ಹಿರಿಯರ ಜಾಣ್ಮೆಗೆ ಎಷ್ಟು ಹೊಗಳಿದರೂ ಸಾಲದು. ನಾವು ಅದಕ್ಕೆ ಶಾಂತಿಸಾಗರವೆಂದು ಹೆಸರಿಟ್ಟೆವು. ಸಾಗರವೇನೋ ಅಹುದು, ಶಾಂತಿಯನ್ನು ಉಳಿಸುವವರು ಯಾರು? ನೀರುಹಕ್ಕಿಗೆ ಬೇಕಾದದ್ದು ಸದ್ದಿಲ್ಲದ ದಂಡೆ, ಒತ್ತುವರಿಯಾಗದ ಕೆಸರಂಚು. ಮೋಟಾರು ದೋಣಿಯೂ ಧ್ವನಿವರ್ಧಕವೂ ಬಂದರೆ ನಮಗೆ ವಿಹಾರವಾದೀತು. ಹಕ್ಕಿಗೆ ಅದು ಎತ್ತಂಗಡಿಯ ನೋಟೀಸು.

ನಾಳೆ ಇದೇ ಗೊಣಗಾಟ ನಮ್ಮ ಕಡಲಿಗೂ ತಲಪಲಿದೆ. ಹೊನ್ನಾವರದ ಕರಾವಳಿಯ ಅಪ್ಸರಕೊಂಡ–ಮುಗಳಿಯಲ್ಲಿ ಈಗ ಕಡಲ ವನ್ಯಧಾಮವಾಗಿದೆ. ರಜೆ ಬಂತೆಂದರೆ ನಮ್ಮ ನಾಲ್ಕು ತಾಲ್ಲೂಕಿನ ಜನ ಸಾಗರದ ದಾರಿ ಹಿಡಿದು ಜೋಗ ನೋಡಿ ಹೊನ್ನಾವರಕ್ಕೆ ಇಳಿಯುತ್ತಾರೆ. ದಡದಲ್ಲಿ ನಿಂತು "ಡಾಲ್ಫಿನ್ ಎಲ್ಲಿ? ತಿಮಿಂಗಿಲ ಎಲ್ಲಿ?" ಎಂದು ಕೇಳುತ್ತಾರೆ. ಕೇಳಿದ್ದಕ್ಕೆ ತಕ್ಕಂತೆ ತೋರಿಸುವವರೂ ಹುಟ್ಟಿಕೊಂಡಾರು. ದೋಣಿಗಳು ಬೆನ್ನಟ್ಟಿ ಹೋದಾವು. ಉಸಿರಾಡಲು ಮೇಲೆ ಬರಲೇಬೇಕಾದ ಪ್ರಾಣಿಗೆ ಮೇಲೆಲ್ಲ ದೋಣಿಗಳೇ ಕಾದಿದ್ದರೆ ಅದು ಎಲ್ಲಿಗೆ ಹೋಗಬೇಕು?

ಹಾಗಾದರೆ ಧಾಮದ ಕಡೆಗೆ ಹೋಗಲೇಬಾರದೆ? ಧಾರಾಳವಾಗಿ ಹೋಗಲಿ. ಅನುಮತಿಯಿದ್ದ ಕಡೆ, ಅನುಮತಿಯಿದ್ದಷ್ಟು ದೂರ, ಕಾಲ್ನಡಿಗೆಯಲ್ಲಿ ಹೋಗಲಿ. ಕೊಂಡುಕುರಿಯು ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುತ್ತದೆ. ಆ ಗುಡ್ಡೆಯನ್ನು ಗುರುತಿಸುವುದನ್ನು ಮಕ್ಕಳಿಗೆ ಕಲಿಸಲಿ. ಮಣ್ಣಿನಲ್ಲಿ ಗೊರಸಿನ ಗುರುತು ಹುಡುಕಲಿ. ಹುಲ್ಲಿನ ಹೆಸರು, ಮರದ ಹೆಸರುಗಳನ್ನು ಊರಿನ ಕುರಿಗಾರನನ್ನು ಕೇಳಿ ತಿಳಿಯಲಿ. ಅವನಷ್ಟು ಬಲ್ಲವರು ಅಲ್ಲಿಲ್ಲ. ಅರ್ಧ ಗಂಟೆ ಮಾತಾಡದೆ ಕೂರಲಿ. ಇದು ಸಿನಿಮಾದಷ್ಟು ಸುಲಭವಲ್ಲ. ಆದರೆ "ಇಲ್ಲಿ ನನಗಾಗಿಯಲ್ಲದೆ ಬದುಕುವ ಒಂದು ಜೀವವಿದೆ" ಎಂಬ ಅರಿವು ಹತ್ತು ವರ್ಷದ ಹುಡುಗನಿಗೆ ಒಮ್ಮೆ ಹೊಳೆದರೆ, ಆ ಪ್ರಯಾಣದ ಪೆಟ್ರೋಲು ದಂಡವಾಗಲಿಲ್ಲ.

ಅಧಿಕಾರಿಗಳಿಗೂ ಜನಪ್ರತಿನಿಧಿಗಳಿಗೂ ಹೇಳುವುದು ಇಷ್ಟೆ. ಧಾಮದ ವರದಿಯನ್ನು ಬರೆಯುವಾಗ ಎಷ್ಟು ಜನ ಬಂದರೆಂದು ಎಣಿಸಬೇಡಿ. ಎಷ್ಟು ಮರಿಗಳು ಬದುಕಿದವು, ಬೇಸಗೆಯಲ್ಲಿ ಎಷ್ಟು ಹೊಂಡಗಳಲ್ಲಿ ನೀರುಳಿಯಿತು, ಎಷ್ಟು ಕುರಿಗಾರರಿಗೆ ಪರಿಹಾರ ಸಂದಿತು ಎಂದು ಎಣಿಸಿ. ಸಂದರ್ಶಕರ ಸಂಖ್ಯೆ ಸೊನ್ನೆಯಾದರೂ ಈ ಮೂರು ಅಂಕಿಗಳು ಏರುತ್ತಿದ್ದರೆ, ರಂಗಯ್ಯನದುರ್ಗಕ್ಕೆ ಇದಕ್ಕಿಂತ ಒಳ್ಳೆಯ ವರ್ಷ ಬೇರೆ ಇಲ್ಲ.