ಗೂಡು ಕಂಡಾಗ ಹಿಂದೆ ಸರಿಯೋಣ

ಫೆಬ್ರುವರಿ ಬಂತೆಂದರೆ ನಮ್ಮ ದಾಂಡೇಲಿಯಲ್ಲಿ ಎರಡು ಹಂಗಾಮು ಜೊತೆಯಲ್ಲೇ ಶುರುವಾಗುತ್ತವೆ. ಒಂದು, ಹಕ್ಕಿಗಳು ಗೂಡು ಕಟ್ಟುವ ಹಂಗಾಮು. ಇನ್ನೊಂದು, ಪ್ರವಾಸಿಗರ ಹಂಗಾಮು. ಏಪ್ರಿಲ್-ಮೇ ರಜೆಯ ಹೊತ್ತಿಗೆ ಎರಡೂ ಜೋರಾಗಿರುತ್ತವೆ. ಹೋಮ್‌ಸ್ಟೇ, ಜೀಪು, ರ‍್ಯಾಫ್ಟಿಂಗ್ ನಂಬಿಕೊಂಡ ನಮ್ಮ ಓರಗೆಯ ಹುಡುಗರಿಗೆ ಅದೇ ದುಡಿಮೆಯ ಕಾಲ. ಹಾರ್ನ್‌ಬಿಲ್ ಎಂದು ಎಲ್ಲರೂ ಕರೆಯುವ ಮಂಗಟ್ಟೆಗೆ ಅದೇ ಸಂಸಾರದ ಕಾಲ. ಈ ಎರಡೂ ಒಂದಕ್ಕೊಂದು ಅಡ್ಡ ಬಾರದಂತೆ ನೋಡಿಕೊಳ್ಳುವುದು ಹೇಗೆ ಎಂಬುದು ಪಕ್ಷಿಪ್ರೇಮಿಗಳ ಪ್ರಶ್ನೆ ಮಾತ್ರವಲ್ಲ, ಇಲ್ಲಿ ಕೆಲಸ ಹುಡುಕುತ್ತಿರುವ ಪ್ರತಿಯೊಬ್ಬರ ಪ್ರಶ್ನೆ.

ನಾನು ಹಳಿಯಾಳದಲ್ಲಿ ಬಿಇ ಓದುತ್ತಿರುವವನು, ಪಕ್ಷಿತಜ್ಞನಲ್ಲ. ಆದರೆ ಮನೆಯ ಹಿತ್ತಿಲೇ ನನಗೆ ಪಾಠ ಹೇಳಿದೆ. ಈ ಭಾಗದ ಯಾವ ಹಿತ್ತಿಲಲ್ಲೂ ಬೇಸಿಗೆಯಲ್ಲಿ ಮೂರ್ನಾಲ್ಕು ಬಗೆಯ ಗೂಡು ಸಿಗುತ್ತವೆ. ಬಟ್ಟೆ ಒಣಹಾಕುವ ತಂತಿಗೋ ದಾಸವಾಳದ ಟೊಂಗೆಗೋ ಸೂರಕ್ಕಿ ಚೀಲದಂಥ ಗೂಡು ತೂಗುಬಿಡುತ್ತದೆ. ಜೇಡರ ಬಲೆ, ನಾರು, ತೊಗಟೆಯ ಚೂರು ಸೇರಿಸಿ ಕಟ್ಟಿದ ಅದಕ್ಕೆ ಪಕ್ಕದಲ್ಲಿ ಬಾಗಿಲು, ಬಾಗಿಲ ಮೇಲೊಂದು ಪುಟ್ಟ ಮಾಡು. ಸಿಂಪಿಗ ಎಲೆಗಳನ್ನು ಹೊಲಿದು ತೊಟ್ಟಿಲು ಮಾಡುತ್ತದೆ. ಪಿಕಳಾರ ಕುಂಡದ ಗಿಡದಲ್ಲೂ ಬಟ್ಟಲಿನಂಥ ಗೂಡು ಇಡುತ್ತದೆ. ಮಡಿವಾಳ ಹಕ್ಕಿಗೆ ಮರದ ಅಥವಾ ಗೋಡೆಯ ಪೊಟರೆ ಸಾಕು.

ಇವುಗಳಿಗೆ ನಾವು ಹೇಗೆ ಸಹಾಯ ಮಾಡುತ್ತಿದ್ದೇವೆ? ಮಾರ್ಚ್ 20 ವಿಶ್ವ ಗುಬ್ಬಚ್ಚಿ ದಿನ. 2010ರಿಂದ ಅದು ನಡೆದುಕೊಂಡು ಬಂದಿದೆ. ಆ ದಿನ ಎಷ್ಟೋ ಕಡೆ ಮರದ ಗೂಡುಪೆಟ್ಟಿಗೆ ಹಂಚುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಪೆಟ್ಟಿಗೆ ಕೆಟ್ಟದ್ದೇನಲ್ಲ. ಸುಮಾರು 32 ಮಿಲಿಮೀಟರ್ ತೂತಿಟ್ಟು, ಬೆಕ್ಕಿಗೆ ಸಿಗದಂತೆ ನೆರಳಲ್ಲಿ ಕಟ್ಟಿದರೆ ಗುಬ್ಬಚ್ಚಿ ಬಂದೀತು. ಆದರೆ ಪೆಟ್ಟಿಗೆ ಬೇಕಾದದ್ದು ಪೊಟರೆಯಲ್ಲಿ ಗೂಡಿಡುವ ಹಕ್ಕಿಗಳಿಗೆ ಮಾತ್ರ. ಸೂರಕ್ಕಿ, ಸಿಂಪಿಗ, ಪಿಕಳಾರ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಅವುಗಳಿಗೆ ಬೇಕಾದದ್ದು ಕತ್ತರಿ ಹಾಕದ ಪೊದೆ ಮತ್ತು ನಾವು ಕೊಳೆ ಎಂದು ಗುಡಿಸಿಬಿಡುವ ಜೇಡರ ಬಲೆ.

ಅಂಕಿ-ಅಂಶವೂ ಇದೇ ದಿಕ್ಕಿಗೆ ಕೈ ತೋರಿಸುತ್ತದೆ. ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ಎಂಬ ವರದಿ 2020ರಲ್ಲಿ ಹೇಳಿದ್ದು ಇದು: ಗುಬ್ಬಚ್ಚಿಯ ಸಂಖ್ಯೆ ಬೆಂಗಳೂರು ಸೇರಿ ಆರು ಮಹಾನಗರಗಳಲ್ಲಿ ಇಳಿದಿದೆ, ಒಟ್ಟು ದೇಶದಲ್ಲಿ ಮಾತ್ರ ಹೆಚ್ಚು-ಕಡಿಮೆ ಸ್ಥಿರವಾಗಿದೆ. 2023ರ ವರದಿ 942 ಪ್ರಭೇದಗಳನ್ನು ಪರಿಶೀಲಿಸಿತು. ದೀರ್ಘಕಾಲದ ಏರಿಳಿತ ಲೆಕ್ಕಹಾಕಲು ಸಾಧ್ಯವಾದ 338 ಪ್ರಭೇದಗಳಲ್ಲಿ ಶೇ 60ರಷ್ಟು ಇಳಿಮುಖವಾಗಿವೆ. ನಮ್ಮ ರಾಜ್ಯಪಕ್ಷಿ ನೀಲಕಂಠದ ಸ್ಥಿತಿಯನ್ನು ಜಾಗತಿಕ ಮಟ್ಟದಲ್ಲಿ ಮತ್ತೆ ಅಳೆಯಬೇಕೆಂದು ಅದೇ ವರದಿ ಶಿಫಾರಸು ಮಾಡಿದೆ. ಹೊಲದ ಬದಿಯ ತಂತಿಯ ಮೇಲೆ ಕೂರುವ ಈ ಹಕ್ಕಿಯೂ ಮರದ ಪೊಟರೆಯಲ್ಲೇ ಮೊಟ್ಟೆ ಇಡುತ್ತದೆ. ನಾವು ಗುಬ್ಬಚ್ಚಿಗೆ ಪೆಟ್ಟಿಗೆ ಹಂಚುವ ಹೊತ್ತಿನಲ್ಲೇ ನೀಲಕಂಠದ ಒಣಮರ ಸೌದೆಯಾಗುತ್ತಿರುತ್ತದೆ.

ಹಾಗಾದರೆ ನಿಜವಾದ ಸಹಾಯ ಯಾವುದು? ಹೆಚ್ಚಿನ ಪಾಲು, ಕೈ ಕಟ್ಟಿಕೊಂಡು ಇರುವುದೇ. ಫೆಬ್ರುವರಿಯಿಂದ ಜೂನ್‌ವರೆಗೆ ಬೇಲಿ, ಬಳ್ಳಿ ಸವರಬೇಡಿ. ಮನೆಯ ಮೇಲೆ ಬೀಳುವ ಭಯವಿಲ್ಲದ ಒಣಟೊಂಗೆಯನ್ನು ಹಾಗೇ ಬಿಡಿ. ಕುಟುರ ಹಕ್ಕಿ ಅದನ್ನು ಕೊರೆದು ಪೊಟರೆ ಮಾಡುತ್ತದೆ, ಅದು ಬಿಟ್ಟುಹೋದ ಮೇಲೆ ಮೈನಾ, ಮಡಿವಾಳ ಬಂದು ಸೇರುತ್ತವೆ. ಖರ್ಚಿಲ್ಲದ ಗೂಡುಪೆಟ್ಟಿಗೆ ಅದು. ಹೂಗಿಡಕ್ಕೆ ಕೀಟನಾಶಕ ಹೊಡೆಯುವ ಮುನ್ನ ಯೋಚಿಸಿ. ಕಾಳು ತಿನ್ನುವ ಗುಬ್ಬಚ್ಚಿ ಕೂಡ ಮರಿಗಳಿಗೆ ಹುಳುವನ್ನೇ ತಂದುಕೊಡುತ್ತದೆ. ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು ದಿನವೂ ಬದಲಿಸಿ. ಪುಕ್ಕ ಬಂದ ಮರಿ ನೆಲದಲ್ಲಿ ಕುಪ್ಪಳಿಸುತ್ತಿದ್ದರೆ ಮನೆಯೊಳಗೆ ತರಬೇಡಿ. ಅದು ಹಾರಲು ಕಲಿಯುತ್ತಿದೆ, ಅಪ್ಪ-ಅಮ್ಮ ಅಲ್ಲೇ ಇರುತ್ತವೆ. ಬೆಕ್ಕು-ನಾಯಿಯ ಕಾಟವಿದ್ದರೆ ಹತ್ತಿರದ ಪೊದೆಯ ಮೇಲಿಟ್ಟು ದೂರ ಸರಿಯಿರಿ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ಮಾತು ನಿಜವಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ದೂರ. ನಮ್ಮ ಹಿತ್ತಿಲಿನ ಸೂರಕ್ಕಿಯನ್ನು ನಾನು ಕಿಟಕಿಯ ಒಳಗಿನಿಂದ ನೋಡುತ್ತೇನೆ. ಮರಿಯಾದ ಮೇಲೆ ಐದು-ಹತ್ತು ನಿಮಿಷಕ್ಕೊಮ್ಮೆ ಗಂಡೋ ಹೆಣ್ಣೋ ಬಂದು ತುತ್ತು ಕೊಟ್ಟು ಹೋಗುತ್ತದೆ. ಆಯಿ ಬಟ್ಟೆ ಒಣಹಾಕಲು ಹೋಗಿ ಬೇಗ ಬಂದರೆ ಅವು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ನೆಂಟರ ಮಕ್ಕಳು ಮೊಬೈಲ್ ಹಿಡಿದು ಗೂಡಿನ ಬಳಿ ನಿಂತರೆ ಮಾತ್ರ ಬಾಯಲ್ಲಿ ಹುಳು ಹಿಡಿದುಕೊಂಡೇ ಎದುರಿನ ಪೇರಲ ಗಿಡದಲ್ಲಿ ಕೂತುಬಿಡುತ್ತವೆ. ನಮಗೆ ಒಂದು ರೀಲ್, ಮರಿಗೆ ಎರಡು-ಮೂರು ಊಟ ಖೋತಾ.

ಹಿತ್ತಿಲಲ್ಲಿ ಎರಡು ಊಟ ತಪ್ಪಿಸುವ ಈ ಆಸೆ ಕಾಡಿನಲ್ಲಿ ಇಡೀ ಸಂಸಾರವನ್ನೇ ಕಷ್ಟಕ್ಕೆ ನೂಕಬಲ್ಲದು. ಮಂಗಟ್ಟೆಯ ಹೆಣ್ಣು ದೊಡ್ಡ ಮರದ ಪೊಟರೆಯೊಳಗೆ ಕೂತು ಬಾಗಿಲನ್ನು ತಾನೇ ಮುಚ್ಚಿಕೊಳ್ಳುತ್ತದೆ. ಉಳಿಯುವುದು ಕೊಕ್ಕು ತೂರುವಷ್ಟು ಸೀಳು. ಒಳಗೆ ರೆಕ್ಕೆಯ ಗರಿಗಳನ್ನೂ ಉದುರಿಸಿಕೊಳ್ಳುವುದರಿಂದ ಹಾರಿ ಹೋಗುವಂತೆಯೂ ಇಲ್ಲ. ತಿಂಗಳುಗಟ್ಟಲೆ ಗಂಡು ತಂದುಕೊಡುವ ಅತ್ತಿ, ಬಸರಿ, ಗೋಳಿಹಣ್ಣೇ ಅದಕ್ಕೂ ಮರಿಗೂ ಜೀವ. ನಾವು ಎಂಜಿನಿಯರಿಂಗ್‌ನಲ್ಲಿ ಓದುವ ಮಾತಿನಲ್ಲಿ ಹೇಳುವುದಾದರೆ, ಇಡೀ ವ್ಯವಸ್ಥೆಗೆ ಇರುವುದು ಒಂದೇ ಸರಬರಾಜು ಲೈನು, ಬ್ಯಾಕಪ್ ಇಲ್ಲ. ಮರದ ಕೆಳಗೆ ಕ್ಯಾಮೆರಾ ಸಾಲು ನಿಂತಿತೆಂದು ಗಂಡು ಹಿಂದೆ ಸರಿದರೆ ಒಳಗಿರುವ ಎರಡು ತಲೆಮಾರು ಹಸಿದಿರುತ್ತವೆ. ಮೊಬೈಲ್‌ನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದೂ ಹೀಗೆಯೇ. ಎದುರಾಳಿ ಬಂದನೆಂದುಕೊಂಡು ಹಕ್ಕಿ ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ.

ಇದು ಬರೀ ಶಿಷ್ಟಾಚಾರದ ಮಾತೂ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬ ಪದದ ವ್ಯಾಖ್ಯೆಯೊಳಗೇ ಕಾಡುಹಕ್ಕಿಗಳ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಕೋವಿ ಹಿಡಿದವನು ಮಾತ್ರ ಬೇಟೆಗಾರ ಎಂದುಕೊಂಡವರು ಇದನ್ನೊಮ್ಮೆ ಓದಬೇಕು.

ದಾಂಡೇಲಿಗೆ ಇದು ಯಾಕೆ ದೊಡ್ಡ ವಿಷಯ? ಈ ಕಾಡಿನಲ್ಲಿ ನಾಲ್ಕು ಬಗೆಯ ಮಂಗಟ್ಟೆಗಳಿವೆ. 2011ರಲ್ಲಿ 52.50 ಚದರ ಕಿಲೋಮೀಟರ್ ಪ್ರದೇಶ ಹಾರ್ನ್‌ಬಿಲ್ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಯಿತು. ದೇಶದ ಮೂಲೆಮೂಲೆಯಿಂದ ಜನ ಇಲ್ಲಿಗೆ ಬರುವ ಮುಖ್ಯ ಕಾರಣಗಳಲ್ಲಿ ಮಂಗಟ್ಟೆಯೂ ಒಂದು. ಕಾಗದ ಕಾರ್ಖಾನೆಯ ಊರೆಂದು ಹೆಸರಾದ ದಾಂಡೇಲಿಯಲ್ಲಿ ಇಂದು ಎಷ್ಟೋ ಮನೆಗಳ ಒಲೆ ಉರಿಯುವುದು ಪ್ರವಾಸಿಗರಿಂದ. ಜೀಪು ಓಡಿಸುವ ನಮ್ಮ ಓಣಿಯ ಕಾಕಾ ಇದನ್ನು ಒಂದೇ ಮಾತಲ್ಲಿ ಹೇಳಿದರು: “ತಮ್ಮಾ, ಪಕ್ಷಿ ಹೋದ್ರ ಅದರ ಹಿಂದ ನನ್ನ ಗಿರಾಕಿನೂ ಹೋಗ್ತಾನ.”

ಬೇರೆಯವರು ಇದಕ್ಕೆ ದಾರಿ ಕಂಡುಕೊಂಡಿದ್ದಾರೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆ ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಹುಣಸೆ ಫಸಲಿನ ನಷ್ಟಕ್ಕೆ ಅರಣ್ಯ ಇಲಾಖೆ ಮರದ ಮಾಲೀಕರಿಗೆ ಹಣ ಕೊಡುವ ವ್ಯವಸ್ಥೆ ಮಾಡಿತು. ಗೂಡಿನಿಂದ ಬಿದ್ದ ಮರಿಗಳನ್ನು ಸ್ಥಳೀಯರ ಹೆಜ್ಜಾರ್ಲೆ ಬಳಗ ಸಾಕಿ ಬಿಟ್ಟಿದೆ. 2007ರಲ್ಲಿ ಅದು ಸಮುದಾಯ ಮೀಸಲಾಯಿತು. ಅರುಣಾಚಲ ಪ್ರದೇಶದ ಪಕ್ಕೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಮಂಗಟ್ಟೆಯ ಗೂಡುಗಳನ್ನು ನಗರದವರು ‘ದತ್ತು’ ಪಡೆಯುತ್ತಾರೆ, ಆ ಹಣದಿಂದ ನಿಶಿ ಬುಡಕಟ್ಟಿನವರು ಗೂಡು ಕಾಯುತ್ತಾರೆ. ಅವರಲ್ಲಿ ಹಿಂದೆ ಬೇಟೆಯಾಡುತ್ತಿದ್ದವರೂ ಇದ್ದಾರೆ. ಎರಡೂ ಕಡೆ ಗುಟ್ಟು ಒಂದೇ: ಗೂಡು ಉಳಿದರೆ ಊರಿನವರಿಗೆ ಲಾಭ ಎಂಬಂತೆ ಲೆಕ್ಕ ಹೊಂದಿಸಿದ್ದಾರೆ.

ನಮ್ಮಲ್ಲೂ ಮಾದರಿಗಳಿಲ್ಲದೆ ಇಲ್ಲ. ಜೋಯಿಡಾ ತಾಲ್ಲೂಕಿನ ಗಣೇಶಗುಡಿಯಲ್ಲಿ, ಸೂಪಾ ಅಣೆಕಟ್ಟು ಕಟ್ಟುವಾಗ ಸ್ಫೋಟಕ ಇಡುತ್ತಿದ್ದ ಓಲ್ಡ್ ಮ್ಯಾಗಜಿನ್ ಹೌಸ್ ಇಂದು ಪಕ್ಷಿ ನೋಡುವವರ ತಾಣ. ಅಲ್ಲಿ ನೀರಿನ ತೊಟ್ಟಿಗಳಿಗೆ ಹಕ್ಕಿ ತಾನಾಗಿ ಬರುತ್ತದೆ, ನಾವು ಅಲುಗದೆ ಕೂತಿರಬೇಕು. ಮುಂಡಗೋಡದ ಅತ್ತಿವೇರಿ ಪಕ್ಷಿಧಾಮದಲ್ಲಿ ಹಕ್ಕಿಗೂ ನಮಗೂ ನಡುವೆ ನೀರಿದೆ, ದಡದಿಂದ ದುರ್ಬೀನಿನಲ್ಲಿ ನೋಡಿದರೂ ಕಣ್ಣು ತುಂಬುತ್ತದೆ. ಗೂಡಿನ ಬುಡಕ್ಕೆ ಹೋಗದೆಯೂ ಪ್ರವಾಸೋದ್ಯಮ ನಡೆಯುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಮುಂದಿನ ಹೆಜ್ಜೆ ಹೀಗಿರಬಹುದು. ಗೂಡು ಕಟ್ಟುವ ತಿಂಗಳುಗಳಲ್ಲಿ ಪ್ರವಾಸಿ ಶುಲ್ಕದ ಒಂದು ಪಾಲಿನಿಂದ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡದ ಯುವಕ-ಯುವತಿಯರನ್ನು ಗೂಡು ಕಾವಲಿಗೆ ನೇಮಿಸಬೇಕು. ಮಾರ್ಗದರ್ಶಿಗಳಿಗೆ ತರಬೇತಿ ಕೊಟ್ಟು, ಗೂಡಿನ ಜಾಗವನ್ನು ಯಾರಿಗೂ ತಿಳಿಸದಿರುವುದನ್ನು ಪರವಾನಗಿಯ ಷರತ್ತು ಮಾಡಬೇಕು. ರಸ್ತೆ ಅಗಲ ಮಾಡುವಾಗ ಅತ್ತಿ, ಗೋಳಿ, ಬಸರಿ ಮರಗಳ ಲೆಕ್ಕ ಮೊದಲು ತೆಗೆಯಬೇಕು. ಅವು ಹೋದರೆ ಪೊಟರೆ ಇದ್ದೂ ಊಟವಿರುವುದಿಲ್ಲ.

ಕಾಲೇಜುಗಳಿಗೂ ಇಲ್ಲಿ ಕೆಲಸವಿದೆ. ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ನಡೆಯುತ್ತದೆ. ಭಾರತ 2013ರಿಂದ ಅದರಲ್ಲಿದೆ, ಕ್ಯಾಂಪಸ್‌ಗಳಿಗಾಗಿಯೇ ಪ್ರತ್ಯೇಕ ಎಣಿಕೆಯೂ ಇದೆ. ಕನಿಷ್ಠ 15 ನಿಮಿಷ ನಿಂತು ಕಂಡ ಹಕ್ಕಿಗಳನ್ನು ಬರೆದು ಈಬರ್ಡ್‌ಗೆ ಹಾಕಿದರೆ ಆಯಿತು, ದುಡ್ಡು ಬೇಡ, ದೊಡ್ಡ ಲೆನ್ಸ್ ಬೇಡ. ಮೇಲೆ ಹೇಳಿದ 2023ರ ವರದಿ ನಿಂತಿರುವುದೇ ಇಂಥ 30 ಸಾವಿರಕ್ಕೂ ಹೆಚ್ಚು ಹವ್ಯಾಸಿಗಳ ಪಟ್ಟಿಗಳ ಮೇಲೆ. ಡೇಟಾ ಸೈನ್ಸ್ ಕಲಿಯಬೇಕೆನ್ನುವ ಗೆಳೆಯರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಇನ್ನೆಲ್ಲಿ ಸಿಕ್ಕೀತು?

ಈ ಬೇಸಿಗೆಯಲ್ಲಿ ನಿಮ್ಮ ಹಿತ್ತಿಲಲ್ಲೋ ಹಾಸ್ಟೆಲ್ ಹಿಂದೆಯೋ ಒಂದು ಗೂಡು ಕಂಡರೆ ಮೊದಲು ಹಿಂದೆ ಸರಿಯಿರಿ. ಹಕ್ಕಿ ನಿಮ್ಮನ್ನು ನೋಡುವುದನ್ನು ಬಿಟ್ಟು ತನ್ನ ಕೆಲಸಕ್ಕೆ ಮರಳುವಷ್ಟು ದೂರ. ಆಮೇಲೆ ಎಷ್ಟು ಹೊತ್ತು ಬೇಕಾದರೂ ನೋಡಿ. ಮರಿ ಹಾರಿಹೋದ ಮೇಲೆ ಸ್ಟೇಟಸ್ ಹಾಕಲು ಬೇಕಾದಷ್ಟು ಸಮಯ ಸಿಗುತ್ತದೆ.